ಒಂದು ಕೂದಲೆಳೆಯಷ್ಟು ಜೋರು

ಎಲ್ಲರೂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕಣ್ಣು ತೆರೆದಿದ್ದವಳು ಅವಳೊಬ್ಬಳೇ.

ಕಥೆ ಪುಸ್ತಕಗಳನ್ನು ಓದಿಸಿ ಧ್ವನಿ ಮುದ್ರಿಸುವ ಆ ಪುಟ್ಟ ಸ್ಟುಡಿಯೋದಲ್ಲಿ ಅಂದು ಎರಡು ಮೈಕುಗಳಿಗೆ ಪರೀಕ್ಷೆ. ಒಂದು ಯಜಮಾನರದು, ದೂರದೇಶದಿಂದ ಹಡಗಿನಲ್ಲಿ ಬಂದದ್ದು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗುವಂಥದ್ದು. ಇನ್ನೊಂದು ತಂತಿಯದು. ತಂತಿ ಎಂದರೆ ಅಲ್ಲಿನ ರಿಪೇರಿಯವನು. ಆಳು ತೆಳ್ಳಗೆ, ಕೊರಳಲ್ಲಿ ಸದಾ ಒಂದು ವೈರು, ಹಾಗಾಗಿ ಆ ಹೆಸರು. ಹಳೆಯ ಟಾರ್ಚಿನ ಕೊಳವೆಯೊಳಗೆ ಅವನೇ ಕೈಯಾರೆ ಕಟ್ಟಿದ ಮೈಕು ಅದು. ಅದನ್ನು ಕಂಡಾಗಲೆಲ್ಲ ಯಜಮಾನರು, ಕರೆಂಟ್ ಹೋದಾಗ ಉಪಯೋಗಕ್ಕೆ ಬರುತ್ತೆ ಬಿಡು ಎಂದು ನಗುತ್ತಿದ್ದರು.

ಒಂದು ದಿನ ಆ ನಗುವೇ ಪಂಥಕ್ಕೆ ತಿರುಗಿತು. ಯಾವ ದನಿ ಯಾವ ಮೈಕಿನದೆಂದು ಹೇಳದೆ ಎಲ್ಲರಿಗೂ ಕೇಳಿಸುವುದು, ಚೆನ್ನಾಗಿರುವುದು ಯಾವುದೆಂದು ಅವರು ಚೀಟಿಯಲ್ಲಿ ಬರೆಯುವುದು. ಟಾರ್ಚು ಗೆದ್ದರೆ ಸ್ಟುಡಿಯೋದ ಮೇಲೆ ಕಟ್ಟಿಸಿದ ಹೊಸ ಮಹಡಿಯ ಕೋಣೆಗಳಿಗೆಲ್ಲ ತಂತಿಯ ಮೈಕೇ.

ಓದಿದವಳು ಅವಳೇ. ಮೆಲುದನಿಯವಳೆಂದು ಎಲ್ಲರೂ ಅವಳನ್ನು ಪಿಸು ಎನ್ನುತ್ತಿದ್ದರು. ಪದವಿ ಮುಗಿಸಿ ಈ ಕೆಲಸಕ್ಕೆ ಬಂದಾಗಿನಿಂದ ಪುಸ್ತಕ ಓದುವುದೂ ಅವಳದೇ, ಗಾಜಿನ ಈಚೆ ಕೂತು ಗುಂಡಿ ತಿರುಗಿಸುವುದೂ ಅವಳದೇ. ಎರಡು ಮೈಕುಗಳನ್ನೂ ಅಕ್ಕಪಕ್ಕ ನಿಲ್ಲಿಸಿ ಒಂದೇ ಪುಟ ಓದಿದ್ದಳು. ಈಗ ಒಂದಾದ ಮೇಲೊಂದು ಕೇಳಿಸಬೇಕು.

ಗಾಜಿನ ಆಚೆ, ಮೂಲೆಯ ಸ್ಟೂಲಿನ ಮೇಲೆ ತಂತಿಯೂ ಕಣ್ಣು ಮುಚ್ಚಿದ್ದ. ಅವನಿಗೆ ಮತವಿರಲಿಲ್ಲ. ರೆಪ್ಪೆಯ ಕೆಳಗೆ ಗುಡ್ಡೆ ಮಾತ್ರ ಅತ್ತಿತ್ತ ಓಡುತ್ತಿತ್ತು. ಎರಡೂ ಅಂಗೈಗಳನ್ನು ಮೊಣಕಾಲಿನ ನಡುವೆ ಬಿಗಿಯಾಗಿ ಒತ್ತಿಕೊಂಡಿದ್ದ, ಫಲಿತಾಂಶದ ದಿನ ಶಾಲೆಯ ಗೋಡೆಗೆ ಒರಗಿ ನಿಂತ ಹುಡುಗನ ಹಾಗೆ.

ಅವನನ್ನು ಹಾಗೆ ನೋಡಿದ್ದೇ ತಪ್ಪಾಯಿತು. ಎರಡನೆಯ ಗುಂಡಿ, ಟಾರ್ಚಿನದು, ಅವಳ ಬೆರಳಿನಡಿ ಒಂದು ಕೂದಲೆಳೆಯಷ್ಟು ಜೋರಿನ ಕಡೆ ತಿರುಗಿತು.

ಅಷ್ಟೇ. ಯಾರೂ ನೋಡಲಿಲ್ಲ. ಎಲ್ಲರ ಚೀಟಿಯಲ್ಲೂ ‘ಎರಡು’ ಎಂದೇ ಇತ್ತು. ಯಜಮಾನರು ತಮ್ಮ ಚೀಟಿಯನ್ನು ತಾವೇ ತಿರುಗಿಸಿ ನೋಡಿ, ಎರಡನೆಯದು ಜೇನು ಕಣಯ್ಯಾ ಎಂದರು. ತಂತಿ ಮಾತ್ರ ಯಾರನ್ನೂ ನೋಡದೆ ನೇರ ಗಾಜಿನ ಕಡೆ ತಿರುಗಿದ. ಅವಳನ್ನೇ ನೋಡಿದ. ಆ ಕಣ್ಣಿನಲ್ಲಿದ್ದ ಬೆಳಕಿಗೆ ಬೇರೆ ಯಾವ ಹುಡುಗಿಯಾದರೂ ಕರಗಿಹೋಗುತ್ತಿದ್ದಳು. ಅವಳು ತಲೆ ತಗ್ಗಿಸಿ ವೈರು ಸುತ್ತತೊಡಗಿದಳು.

ಆ ವಿದ್ಯೆ ಕಲಿಸಿದ ಗುರುವೂ ಅವನೇ. ಸಂಜೆಯ ಚಹಾಕ್ಕೆ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವನು ಮೇಲಿನ ಮೆಟ್ಟಿಲು, ಅವಳು ಎರಡು ಮೆಟ್ಟಿಲು ಕೆಳಗೆ. ಯಜಮಾನರ ನಂಬಿಕೆಗಳೇ ಅವರ ಮಾತಿಗೆ ಮೂಲ ಬಂಡವಾಳ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಬೀದಿಯ ಸದ್ದು ಒಳಗೆ ಬರದು ಎಂದು ಯಜಮಾನರು ಕೋಣೆ ತುಂಬ ಅಂಟಿಸಿದ್ದರು. ಬಾಗಿಲ ಕೆಳಗಿನ ಸಂದಿಯಿಂದ ಮಾತ್ರ ಬೀದಿಯೆಲ್ಲ ಹಾಯಾಗಿ ಒಳಗೆ ಬರುತ್ತಿತ್ತು. ಹೊಸ ಹೆಡ್‌ಫೋನನ್ನು ಹೊಸ ಕಾವಲಿಯ ಹಾಗೆ ಪಳಗಿಸಬೇಕೆಂದು ಅದನ್ನು ಬೀರುವಿನಲ್ಲಿಟ್ಟು ವಾರಗಟ್ಟಲೆ ಹಾಡಿಸುತ್ತಿದ್ದರು. ಒಮ್ಮೆ ಕಸ ಗುಡಿಸುವ ಅಜ್ಜಿ ಬೀರು ಹಾಡುತ್ತಿದೆಯೆಂದು ಹೆದರಿ ಪೊರಕೆ ಬಿಟ್ಟು ಓಡಿದ್ದಳು. ಅದನ್ನು ಹೇಳುವಾಗ ತಂತಿ ಅಜ್ಜಿಯ ಓಟವನ್ನೂ ಓಡಿ ತೋರಿಸಿದ್ದ. ಅವಳ ಮೂಗಿನಿಂದ ಚಹಾ ಬಂದಿತ್ತು.

“ಎರಡರಲ್ಲಿ ಒಂದು ಚೂರೇ ಚೂರು ಜೋರಾಗಿದ್ರೆ, ಕಿವಿ ಅದನ್ನ ಜೋರು ಅನ್ನಲ್ಲ, ಚೆನ್ನಾಗಿದೆ ಅನ್ನತ್ತೆ,” ಎಂದು ಹೇಳಿದ್ದೂ ಅಲ್ಲೇ. “ಕಿವಿಯಷ್ಟು ಸುಲಭವಾಗಿ ಮೋಸ ಹೋಗೋದು ಇನ್ನೊಂದಿಲ್ಲ.”

“ಮನಸ್ಸು?” ಎಂದಿದ್ದಳು ಅವಳು, ಲೋಟದೊಳಕ್ಕೆ.

“ಏನಂದ್ರಿ?”

“ಏನಿಲ್ಲ.”

ಪರೀಕ್ಷೆ ನಡೆದ ಆ ಶುಕ್ರವಾರದಿಂದ ಅವಳಿಗೆ ಅನ್ನ ಸೇರಲಿಲ್ಲ. ಯಾರಾದರೂ ‘ಜೋರು’ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಗುತ್ತಿತ್ತು. ರೆಕಾರ್ಡಿಂಗಿನಲ್ಲಿ ತಪ್ಪಾದರೆ ಆಮೇಲೆ ಸರಿ ಮಾಡಿದರಾಯಿತು ಎಂಬುದು ಆ ಕಸುಬಿನ ದೊಡ್ಡ ಸುಳ್ಳು; ಒಳಗೆ ಹೋದದ್ದು ಹೋಯಿತು. ಗೊತ್ತಿದ್ದೂ ಅವಳು ಮೂರು ಹೊತ್ತೂ ಅದನ್ನೇ ಜಪಿಸಿದಳು. ಆಮೇಲೆ ಸರಿಹೋಗುತ್ತೆ. ಆಮೇಲೆ ಹೇಳಿದರಾಯಿತು.

ಭಾನುವಾರ ತಂತಿ ಅವಳನ್ನು ಮನೆಗೆ ಕರೆದ. ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ಬಟ್ಟೆ ಹೊಲಿದು ತಮ್ಮನನ್ನು ಓದಿಸಿದವಳು. ಪಿಸು ಬಾಗಿಲಲ್ಲೇ ನಿಂತಳು. ಅಕ್ಕ ತನ್ನ ಹೊಲಿಗೆ ಯಂತ್ರವನ್ನು ಬೆಳಕಿನ ಮುಂಗೋಣೆಯಿಂದ ಎತ್ತಿಸಿ, ಅಡುಗೆಮನೆಗೆ ಹೋಗುವ ಕತ್ತಲ ಓಣಿಗೆ ಹಾಕಿಸಿದ್ದಳು. ಮುಂಗೋಣೆ ಇನ್ನು ತಮ್ಮನ ಕಾರ್ಖಾನೆ. ಸೂಜಿಗೆ ದಾರ ಪೋಣಿಸಲು ಬಲ್ಬಿನ ಕೆಳಗೆ ಕತ್ತು ಎತ್ತಿ ನಿಂತಿದ್ದವಳು, ಬಾರಮ್ಮ ಎಂದು ಬಾಯಿ ತುಂಬ ಕರೆದಳು. ಇವನು ದಿನಾ ನಿನ್ನ ಸುದ್ದಿಯನ್ನೇ ಹೇಳಿ ಹೇಳಿ, ನಿನ್ನ ಕಂಠ ನನಗೇ ಬಾಯಿಪಾಠ ಆಗಿಬಿಟ್ಟಿದೆ ಎಂದಳು. ತಂತಿಯ ಕಿವಿ ಕೆಂಪಾಯಿತು.

ಅವನು ಮೇಜಿನ ಕಾಲಿಗೆ ರಟ್ಟು ಮಡಿಸಿಟ್ಟು ಅಲುಗಾಟ ನಿಲ್ಲಿಸುತ್ತಿದ್ದ. ನಾಳೆ ರಾಜೀನಾಮೆ ಕೊಡುತ್ತೇನೆ, ಕೆಲಸದಲ್ಲಿದ್ದುಕೊಂಡು ಅಷ್ಟು ಮೈಕು ಕಟ್ಟಲಾಗದು ಎಂದ. ಮೇಜಿನ ಕೆಳಗಿನಿಂದಲೇ ತಲೆ ಹೊರಹಾಕಿ ಅವಳನ್ನು ನೋಡಿದ. ಹಣೆಯ ಮೇಲೆ ಧೂಳು, ಮುಖದ ತುಂಬ ನಗು.

ಅವಳು ಹೇಳಿದಳು. ನಿಂತಲ್ಲೇ, ಗೋಡೆ ನೋಡುತ್ತ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವನು ಹತ್ತಿರ ಬಂದು ಕೇಳಬೇಕಾಯಿತು. ಹತ್ತಿರ ಬಂದವನು ಅಲ್ಲಿಯೇ ನಿಂತುಬಿಟ್ಟ.

“ಎಷ್ಟು ಏರಿಸಿದ್ರಿ?” ಎಂದ. ಮೊದಲು ಬಂದದ್ದು ಕಸುಬಿನ ಪ್ರಶ್ನೆಯೇ.

“ಒಂದು ಕೂದಲೆಳೆ.”

“ಯಾಕೆ?”

“ನೀವು ಸೋಲೋದು ನನ್ನ ಕೈಲಿ ನೋಡೋಕಾಗ್ತಿರಲಿಲ್ಲ.”

ಅವನು ಕೈಯಲ್ಲಿದ್ದ ರಟ್ಟಿನ ಚೂರನ್ನು ಮತ್ತೆ ಮತ್ತೆ ಮಡಿಸಿದ. ಮಡಿಸಲು ಇನ್ನೇನೂ ಉಳಿಯದಾದಾಗ ಹೇಳಿದ, “ಅಂದ್ರೆ, ಸೋಲ್ತೀನಿ ಅಂತ ನಿಮಗೆ ಮೊದಲೇ ಗೊತ್ತಿತ್ತು. ಊರೆಲ್ಲ ನಕ್ಕಾಗ ಒಬ್ರಾದ್ರೂ ನಂಬಿದಾರೆ ಅಂದ್ಕೊಂಡಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವಳ ನಾಲಿಗೆಯ ತುದಿಗೆ ಬಂದಿದ್ದ ಇನ್ನೊಂದು ಸತ್ಯ ಅಲ್ಲೇ ಹಿಂಗಿತು. ಅಕ್ಕ ಲೋಟಗಳನ್ನು ಹಿಡಿದು ಬಂದಾಗ ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಏನಾಯ್ತೋ ಎಂದು ಅಕ್ಕ ಕೇಳಿದ್ದು, ಏನಿಲ್ಲಕ್ಕ, ಯಂತ್ರ ಮುಂಗೋಣೆಗೇ ವಾಪಸ್ ಬರಲಿ ಎಂದು ಅವನು ಹೇಳಿದ್ದು ಬೀದಿಯವರೆಗೂ ಕೇಳಿಸಿತು.

ಸೋಮವಾರ ಯಾರೂ ಬರುವ ಮೊದಲೇ ಅವಳು ಯಜಮಾನರ ಮುಂದೆ ನಿಂತಿದ್ದಳು. ಐದು ಮಾತು ಒಟ್ಟಿಗೆ ಆಡಿದವಳಲ್ಲ. ಅಂದು ತಾನು ಮಾಡಿದ್ದನ್ನು ತುಸುವೂ ಬಿಡದೆ ಹೇಳಿದಳು, ತಂತಿಗೆ ಏನೂ ಗೊತ್ತಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದಳು. ಕೆಲಸ ಹೋದರೆ ಹೋಗಲಿ ಎಂದು ಚೀಲವನ್ನೂ ಹೆಗಲಿಗೇ ಹಾಕಿಕೊಂಡಿದ್ದಳು.

ಯಜಮಾನರು ಮೇಜು ಗುದ್ದಿದರು. ನನ್ನ ಮನೆಯಲ್ಲೇ ನನ್ನ ಕಿವಿಗೆ ಹೂವಿಟ್ಟೆಯಲ್ಲ ಹುಡುಗಿ ಎಂದರು. ಆಮೇಲೆ, ಅವಮಾನ ತೊಳೆದುಕೊಳ್ಳುವ ಆತುರಕ್ಕೆ, ಇವತ್ತೇ ಇನ್ನೊಮ್ಮೆ ಆಗಲಿ, ನನ್ನ ಮೈಕು ಏನು ಅಂತ ತೋರಿಸ್ತೀನಿ ಎಂದರು. ಈ ಸಲ ಗುಂಡಿಯ ಮುಂದೆ ಲೆಕ್ಕಪತ್ರದ ಗುಮಾಸ್ತರು ಕೂತರು. ಎರಡೂ ಸದ್ದು ಸಮವಾಗಿದೆಯೆಂದು ಮೀಟರಿನ ಮುಳ್ಳು ನೋಡಿ ಖಾತ್ರಿ ಮಾಡಿಕೊಂಡರು. ತಂತಿ ಒಳಗೆ ಬರಲಿಲ್ಲ. ಅವಳು ಬಾಗಿಲಾಚೆ ನಿಂತು ಕಿವಿಗೊಟ್ಟಳು.

ಚೀಟಿಗಳು ಅರ್ಧ ಅತ್ತ, ಅರ್ಧ ಇತ್ತ ಬಂದವು. ಯಜಮಾನರು ಮಾತ್ರ ಒಂದು ಕ್ಷಣವೂ ತಡೆಯಲಿಲ್ಲ. ಹೆತ್ತವನಿಗೆ ಮಗುವಿನ ಅಳು ಗೊತ್ತಾಗಲ್ಲವೇ, ಇದೇ ನನ್ನದು ಎಂದು ಎದೆ ತಟ್ಟಿ ತೋರಿಸಿದರು. ಅವರು ತೋರಿಸಿದ್ದು ಟಾರ್ಚು.

ಬೆಪ್ಪಾಗಿ ಅವರು ತಾವೇ ನಕ್ಕರು. ಆದರೂ ಮಾತು ಪೂರ್ತಿ ಉಳಿಸಿಕೊಳ್ಳಲಿಲ್ಲ. ಗೆದ್ದರೆ ಎಂದಿದ್ದೆ, ಸಮ ಆದರೆ ಅಂದಿರಲಿಲ್ಲ ಎಂದರು. ಸದ್ಯಕ್ಕೆ ಒಂದು ಕೋಣೆಗೆ ಹಾಕಿ ನೋಡೋಣ, ರಾಜೀನಾಮೆ ಗೀಜೀನಾಮೆ ಬೇಡ ಎಂದು ತಂತಿಗೆ ಹೇಳಿ ಕಳಿಸಿದರು. ಅವಳಿಗೆ, ಇನ್ನು ಒಂದು ತಿಂಗಳು ಗುಂಡಿ ಮುಟ್ಟಕೂಡದು, ಓದುವುದಷ್ಟೇ ಎಂದು ಶಿಕ್ಷೆಯಾಯಿತು.

ಎಲ್ಲರೂ ತಂತಿಯ ಬೆನ್ನು ತಟ್ಟಿದರು. ಅವಳೊಬ್ಬಳಿಗೆ ಮಾತ್ರ ಈಗ ಅಪರಾಧ ಇನ್ನಷ್ಟು ಭಾರವಾಯಿತು. ಆ ಕೂದಲೆಳೆ ಬೇಕಾಗಿಯೇ ಇರಲಿಲ್ಲ. ಅವನ ಕೆಲಸ ತನ್ನ ಕಾಲ ಮೇಲೆ ನಿಲ್ಲುತ್ತಿತ್ತು; ಊರುಗೋಲು ಕೊಟ್ಟು ಅವನನ್ನು ಕುಂಟನನ್ನಾಗಿ ಮಾಡಿದ್ದು ಅವಳು.

ಮಧ್ಯಾಹ್ನ ರಿಪೇರಿ ಕೋಣೆಯ ಬಾಗಿಲಲ್ಲಿ ನಿಂತಳು. ಅವನು ಬೆಸುಗೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

“ಕ್ಷಮೆ ಕೇಳೋಕೆ ಬಂದಿದ್ರೆ ಬೇಡ,” ಎಂದ. “ಅರ್ಧ ಕ್ಷಮಿಸಿದ್ದಾಗಿದೆ. ಉಳಿದರ್ಧಕ್ಕೆ ಸ್ವಲ್ಪ ಟೈಮ್ ಕೊಡಿ.”

“ಇನ್ನೊಂದಿದೆ. ನಿನ್ನೆ ಹೇಳೋಕಾಗಲಿಲ್ಲ.”

ಹೊಗೆಯ ಎಳೆ ಅವನ ಮುಖದ ಮುಂದೆ ಏರಿ ಚದುರಿತು.

“ನಿಮ್ಮ ಮೈಕಲ್ಲಿ ಒಂದು ದೋಷ ಇದೆ,” ಎಂದಳು. “ದನಿ ತಗ್ಗಿಸಿ ಓದುವಾಗ ಕೊಳವೆಯೊಳಗೆ ಗುಂಯ್ ಅನ್ನತ್ತೆ. ತಂಬಿಗೆಯೊಳಗೆ ಮಾತಾಡಿದ ಹಾಗೆ. ಮೊದಲನೇ ದಿನದಿಂದ ಕೇಳಿಸ್ತಿದೆ ನನಗೆ. ಅವರಿಗೂ ಕೇಳಿಸಿಬಿಡತ್ತೆ ಅಂತಾನೇ ಅವತ್ತು ಏರಿಸಿದ್ದು.”

ಬೆಸುಗೆಯ ಕಡ್ಡಿ ಗೂಡಿಗೆ ಮರಳಿತು. ಈ ಸಲ ಅವನು ನೋಡಿದ. ಬಹಳ ಹೊತ್ತು ನೋಡಿದ. ಅವಳು ತಲೆ ತಗ್ಗಿಸಲಿಲ್ಲ. ಕಣ್ಣು ತುಂಬಿಕೊಂಡರೂ ತಗ್ಗಿಸಲಿಲ್ಲ.

“ತಿಂಗಳುಗಟ್ಟಲೆ ಹುಡುಕ್ತಿದೀನಿ ಅದನ್ನ,” ಎಂದ ಮೆಲ್ಲಗೆ. “ಏನೋ ಇದೆ, ಎಲ್ಲಿದೆ ಗೊತ್ತಿಲ್ಲ ಅಂತ ನಿದ್ದೆಗೆಟ್ಟಿದೀನಿ. ದಿನಾ ಜೊತೆಲೇ ಕೂತು ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮಗೆ ಬೇಜಾರಾಗತ್ತೆ. ಆಮೇಲೆ ಮೆಟ್ಟಿಲಿಗೆ ಬಂದು ಕೂರಲ್ಲ. ನನಗೆ ಅದೊಂದೇ ಹೊತ್ತು ಇರೋದು, ಇಡೀ ದಿನದಲ್ಲಿ.”

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ತಿಳಿಯಿತು. ಓಡಿಹೋಗಲು ಬಾಗಿಲು ಹಿಂದೆಯೇ ಇತ್ತು. ಅವಳು ಓಡಲಿಲ್ಲ.

ಅವನು ಒಂದು ಸ್ಟೂಲಿನ ಮೇಲಿದ್ದ ಸರಕನ್ನೆಲ್ಲ ಒಮ್ಮೆಗೇ ನೆಲಕ್ಕೆ ಇಳಿಸಿ, ಅದನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ.

“ಕೂತ್ಕೋ. ಇನ್ನೇನೇನು ಮುಚ್ಚಿಟ್ಟಿದೀಯ, ಎಲ್ಲ ಹೇಳು. ಒಂದನ್ನೂ ಬಿಡಬೇಡ.”

ಅವಳು ಕೂತಳು. ಮೊಣಕೈಗೆ ಮೊಣಕೈ ತಾಗಿತು, ಇಬ್ಬರೂ ಸರಿಯಲಿಲ್ಲ.

“ಅಜ್ಜಿ ಓಡಿದ್ದನ್ನ ನೀವು ನಟಿಸಿದ್ದು ಚೆನ್ನಾಗಿರಲಿಲ್ಲ,” ಎಂದಳು.

“ಬರ್ಕೊಂಡೆ. ಆಮೇಲೆ?”

“ನಿಮ್ಮನ್ನ ನಂಬಲಿಲ್ಲ ಅಂತ ಅಂದ್ರಲ್ಲ. ಅದು ನಿಜ. ನಂಬೋಕೆ ಭಯ ಆಯ್ತು. ಮುಂದೆ ನಂಬ್ತೀನಿ. ಸೋತರೂ ಸೋಲೋಕೆ ಬಿಡ್ತೀನಿ.”

ಅವನು ಇನ್ನಷ್ಟು ಅವಳ ಕಡೆ ತಿರುಗಿದ. “ಆಮೇಲೆ?”

“ಆಮೇಲೆ ಒಂದೇ ಬಾಕಿ.” ಅವಳು ಅವನ ಕಿವಿಯ ಬಳಿ ಬಾಗಿದಳು. ಅಷ್ಟು ಹತ್ತಿರದಿಂದ ಅವಳು ಯಾರಿಗೂ ಏನನ್ನೂ ಹೇಳಿದವಳಲ್ಲ. ಹೇಳಿದ್ದು ಎರಡೇ ಪದ.

ತಂತಿ ಕಣ್ಣು ಮುಚ್ಚಿಕೊಂಡು ಕೇಳಿದ. ತೆರೆದಾಗ ಅವನ ಕಣ್ಣೂ ಒದ್ದೆಯಾಗಿತ್ತು.

“ಉಳಿದರ್ಧವೂ ಆಯ್ತು,” ಎಂದ.