ಫಿಟ್ಟರ್ ತಾತ ತಂದ ಆಕ್ಸಲ್

"ಕರ್... ಕರ್... ಕರ್..."

ತಲೆಕೆಳಗಾಗಿ ನಿಂತಿದ್ದ ಸೈಕಲ್ಲಿನ ಪೆಡಲನ್ನು ಗಿರಗಿಟ್ಲೆ ಮೆಲ್ಲಗೆ ತಿರುಗಿಸಿದಳು. ಪ್ರತಿ ಸುತ್ತಿಗೂ ಚೈನ್ ವೀಲ್ ಫ್ರೇಮಿಗೆ ಉಜ್ಜಿ, ಹಸಿರು ಬಣ್ಣ ಪುಡಿಪುಡಿಯಾಗಿ ಉದುರಿತು.

"ತಾತ, ತಾಗ್ತಿದೆ."

"ತಾಗಲಿ ಬಿಡು. ಹೊಸ ಆಕ್ಸಲ್ಲು. ನಾಲ್ಕು ದಿನ ಓಡಿಸಿದ್ರೆ ತಾನೇ ದಾರಿಗೆ ಬರುತ್ತೆ."

ಒಂದು ಕಡೆ ಕೂರದೆ ಸುತ್ತುತ್ತಾಳೆಂದು ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟವರೇ ತಾತ. ತಾತನನ್ನು ಬೀದಿಯವರೆಲ್ಲ ಫಿಟ್ಟರ್ ತಾತ ಎನ್ನುತ್ತಿದ್ದರು. ನೂಲಿನ ಮಿಲ್ಲಿನಲ್ಲಿ ಮೆಷಿನ್ ರಿಪೇರಿ ಮಾಡಿ ಪಳಗಿದ ಕೈ ಅವರದು. ಹಟವೂ ಮೆಷಿನ್ನಿನಷ್ಟೇ ಗಟ್ಟಿ.

ಅದು ಅಮ್ಮ ಚಿಕ್ಕವಳಾಗಿದ್ದಾಗ ಓಡಿಸಿದ ಸೈಕಲ್. ಸೋಮವಾರದಿಂದ ಗಿರಗಿಟ್ಲೆ ಅದರಲ್ಲೇ ಸ್ಕೂಲಿಗೆ ಹೋಗಬೇಕಿತ್ತು. ಎರಡು ಪೆಡಲನ್ನೂ ಹಿಡಿದಿಡುವ ನಡುವಿನ ಆಕ್ಸಲ್ ಸವೆದು ಲೊಡಲೊಡ ಎನ್ನುತ್ತಿತ್ತು. ಹಳೆಯದನ್ನು ಮನೆಯಲ್ಲೇ ಬಿಟ್ಟು, "ನನಗೆ ಕಣ್ಣಳತೆ ಸಾಕು" ಎಂದು ತಾತ ಅಂಗಡಿಗೆ ಹೋಗಿ ಹೊಸದು ತಂದಿದ್ದರು; ಅದು ಹೊಂದದೆ ಈಗ ಇನ್ನೊಂದು ತಂದಿದ್ದರು.

ಅಮ್ಮ ಕೈ ಒರೆಸಿಕೊಳ್ಳುತ್ತ ವರಾಂಡಕ್ಕೆ ಬಂದರು.

"ಅಪ್ಪಾ, ಇದು ಎರಡನೇ ಆಕ್ಸಲ್. ಕಾಲಿಡೋಕೆ ಜಾಗ ಇಲ್ಲ ಇಲ್ಲಿ. ಇವತ್ತು ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಸೈಕಲ್ಲನ್ನ ಗುಜರಿಯವನಿಗೆ ಕೊಟ್ಟುಬಿಡ್ತೀನಿ."

"ಕೊಡು. ಜೊತೆಗೆ ನನ್ನನ್ನೂ ಕೊಟ್ಟುಬಿಡು."

"ನಿನ್ನನ್ನ ತಗೊಂಡ್ರೆ ಅವನಿಗೇ ಲಾಸ್," ಎಂದು ಅಮ್ಮ ಒಳಗೆ ಹೋದರು.

ಗಿರಗಿಟ್ಲೆಗೆ ನಗು ಬರಲಿಲ್ಲ. ಅಮ್ಮ ಹೇಳಿದರೆ ಮಾಡುವವರೇ.

"ಬಿಚ್ಚು ತಾತ. ಹಳೇದರ ಪಕ್ಕ ಇಟ್ಟು ಅಳೆದು ನೋಡೋಣ."

"ನಂಗೇ ಹೇಳಿಕೊಡ್ತೀಯಾ?" ಎಂದು ಗುಡುಗಿದರೂ ತಾತ ಸ್ಪ್ಯಾನರ್ ಎತ್ತಿಕೊಂಡರು. ಆಕ್ಸಲನ್ನು ಫ್ರೇಮಿನಲ್ಲಿ ಹಿಡಿದಿಡುವ 'ಕಪ್' ಎಂಬ ತಿರುಪನ್ನು ಚೈನ್ ಕಡೆ ಉಲ್ಟಾ ತಿರುಗಿಸಿ ಬಿಚ್ಚಬೇಕು. ತಾತ ಅದನ್ನು ಬೀದಿಯ ಕಡೆ ಮುಖ ಮಾಡಿಕೊಂಡೇ ಬಿಚ್ಚಿ ಕೊಟ್ಟರು. ಕೈಗೆ ಎಲ್ಲ ಗೊತ್ತಿತ್ತು.

ಗಿರಗಿಟ್ಲೆ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತಂದಳು. "ನೀನೇ ಅಳೆ ತಾತ. ಇಲ್ಲಾಂದ್ರೆ ನಾನು ತಪ್ಪು ಅಳೆದೆ ಅಂತ ಬೈತೀಯ."

ತಾತ ಸ್ಕೇಲನ್ನು ಮೂಗಿನ ಹತ್ತಿರ ತಂದರು. ಆಮೇಲೆ ಕೈಚಾಚಿ ದೂರ ಹಿಡಿದರು. ಬೆಳಕಿನ ಕಡೆ ತಿರುಗಿಸಿದರು.

"ಇದೆಂಥ ಸ್ಕೇಲು? ಗೆರೆಯೆಲ್ಲ ಅಳಿಸಿಹೋಗಿದೆ."

ಅದು ಹೊಸ ಸ್ಕೇಲು. ಗೆರೆಗಳು ಇರುವೆ ಸಾಲಿನ ಹಾಗೆ ಕಪ್ಪಗೆ ಕಾಣುತ್ತಿದ್ದವು.

"ಅಲ್ಲ ತಾತ, ಇಷ್ಟು ದೊಡ್ಡ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಬೆಳಗ್ಗೆ ತಾತ ಪೇಪರ್ ಹಿಡಿದು ತುಂಬ ಹೊತ್ತು ಕೂತಿದ್ದರು. ಒಂದು ಪುಟವನ್ನೂ ತಿರುಗಿಸಿರಲಿಲ್ಲ.

ಅವಳು ಸ್ಕೇಲನ್ನು ಬಾಕ್ಸಿನೊಳಗೆ ಹಾಕಿದಳು. "ಹೌದು, ಇದು ಸರಿಯಿಲ್ಲ. ಎರಡನ್ನೂ ಅಂಗಡಿಗೇ ತಗೊಂಡು ಹೋಗೋಣ ಬಾ."

ಸೈಕಲ್ ಅಂಗಡಿಯ ಆಂಟಿ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದರು. ತಾತನನ್ನು ಕಂಡು ನಕ್ಕರು.

"ಮತ್ತೆ ಬಂದ್ರಾ ಯಜಮಾನ್ರೇ? ಡಬ್ಬಿ ಮೇಲೆ ಸೈಜ್ ಬರೆದಿದೆ, ನೋಡಿ ತಗೊಳ್ಳಿ ಅಂದೆ. ಕೇಳಿದ್ರಾ?"

ತಾತನ ಮುಖ ಕೆಂಪಾಯಿತು. ಈಗ ಜಗಳ ಶುರುವಾಗುತ್ತದೆ ಎಂದು ಗಿರಗಿಟ್ಲೆಗೆ ಗೊತ್ತಾಯಿತು.

"ಆಂಟಿ, ಇದು ಸರಿಯಾಗಿ ಕೂರುತ್ತೆ, ಉದ್ದ ಮಾತ್ರ ಕಮ್ಮಿ, ಅದಕ್ಕೇ ಚೈನ್ ವೀಲ್ ಫ್ರೇಮಿಗೆ ತಾಗುತ್ತೆ," ಎಂದು ಅವಳು ನಡುವೆ ಬಾಯಿ ಹಾಕಿದಳು. "ಇದಕ್ಕಿಂತ ಉದ್ದ ಇರೋದನ್ನೆಲ್ಲ ಕೊಡಿ. ಡಬ್ಬಿ ನಾನು ಓದ್ತೀನಿ. ತಾತ ಹಳೇದರ ಜೊತೆ ಜೋಡಿ ಮಾಡ್ತಾರೆ."

ತಾತ ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಹಳೆಯ ಆಕ್ಸಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು.

ಗಿರಗಿಟ್ಲೆ ಅದರ ಪಕ್ಕ ಒಂದೊಂದೇ ಹೊಸದನ್ನು ನಿಲ್ಲಿಸಿದಳು. ತಾತ ಎರಡರ ತುದಿಯ ಮೇಲೂ ಹೆಬ್ಬೆರಳು ಆಡಿಸಿದರು.

"ಉಹೂಂ. ಉಗುರಿನಷ್ಟು ಗಿಡ್ಡ."

"ಇದು?"

"ಕೂದಲೆಳೆಯಷ್ಟು ಉದ್ದ. ಇದೂ ಬೇಡ."

ಮುಂದಿನದರ ಮೇಲೆ ಹೆಬ್ಬೆರಳು ಆ ಕಡೆ ಹೋಯಿತು, ಈ ಕಡೆ ಬಂತು, ಎಲ್ಲೂ ತಡೆಯಲಿಲ್ಲ. ತುದಿಯ ಚೌಕವನ್ನೂ ಸವರಿ ನೋಡಿ ತಾತ ತಲೆಯಾಡಿಸಿದರು. "ಇದೇ. ಸೈಜ್ ಎಷ್ಟಂತೆ?"

ಗಿರಗಿಟ್ಲೆ ಡಬ್ಬಿ ಓದಿ ಹೇಳಿದಳು. ಆಂಟಿ ಹಳೆಯದಕ್ಕೆ ಅಳತೆಪಟ್ಟಿ ಹಿಡಿದು ನೋಡಿ, "ಸರಿಯಾಗಿದೆ, ತಗೊಂಡು ಹೋಗಿ," ಎಂದರು.

ಸಂಜೆ ಪೆಡಲ್ ತಿರುಗಿಸಿದಾಗ ಸದ್ದೇ ಇಲ್ಲ. ಚೈನ್ ವೀಲ್ ಫ್ರೇಮಿನ ಪಕ್ಕದಲ್ಲಿ ತಾಗದೆ ಸುತ್ತಿತು. ಅಮ್ಮ ಬಾಗಿಲಿಗೆ ಒರಗಿ ನೋಡಿದರು.

"ಅಂತೂ ಅಳೆದು ತಂದ್ರಿ."

"ತಾತನೇ ಅಳೆದಿದ್ದು," ಎಂದಳು ಗಿರಗಿಟ್ಲೆ.

ಕೈ ತೊಳೆದು ಬಂದ ತಾತ ಪೇಪರ್ ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ಬೆಳಗಿನ ಅದೇ ಪುಟ. ಗಿರಗಿಟ್ಲೆ ಬಂದು ಕುರ್ಚಿಯ ಕೈ ಮೇಲೆ ಕೂತಳು.

"ತಾತ, ಪೇಪರ್ ಜೋರಾಗಿ ಓದ್ಲಾ? ನಂಗೆ ಪ್ರಾಕ್ಟೀಸ್ ಆಗುತ್ತೆ."

"ಹೂಂ. ತಪ್ಪು ಓದಿದ್ರೆ ಕಿವಿ ಹಿಂಡ್ತೀನಿ."

ಅವಳು ಓದಿದಳು. ಎರಡು ಸುದ್ದಿ ಮುಗಿಯುವವರೆಗೆ ತಾತ ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ, ಅಮ್ಮ ಒಳಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದರು.

"ಸೈಕಲ್ ಅಂಗಡಿ ಪಕ್ಕ ಕನ್ನಡಕದ ಅಂಗಡಿ ಇದೆಯಲ್ಲ, ಅದು ನಾಳೆ ತೆಗೆದಿರುತ್ತಾ?"

ಯಾಕೆ ಎಂದು ಗಿರಗಿಟ್ಲೆ ಕೇಳಲಿಲ್ಲ.

"ತೆಗೆದಿರುತ್ತೆ ತಾತ. ಸೈಕಲ್ ತಳ್ಕೊಂಡು ನಾನೂ ಬರ್ತೀನಿ," ಎಂದು ಹೇಳಿ, ಮುಂದಿನ ಸುದ್ದಿಗೆ ಬೆರಳಿಟ್ಟಳು.