ಜಪಸರದ ಕೊನೆಯ ಮಾತು

"ಚಂದ್ರಕ್ಕ, ನನ್ನ ಯಜಮಾನ್ರು ಬದುಕವ್ರೋ ಇಲ್ವೋ, ಅಷ್ಟು ಹೇಳ್ರಿ ಸಾಕು."

ಬಾಗಿಲಲ್ಲಿ ನಿಂತ ಲೂರ್ದಮ್ಮ ಕೇಳಿದ್ದು ಅದೊಂದೇ. ರೈಲ್ವೆ ಪೊಲೀಸ್ ಕೆಲಸದಿಂದ ನಿವೃತ್ತರಾದ ಚಂದ್ರಕ್ಕ ಚಿಕ್ಕಜಾಜೂರಿನಲ್ಲೇ ಉಳಿದಿದ್ದರು. ಊರಿನ ಕಳವು, ಜಗಳಗಳ ಸುದ್ದಿ ಠಾಣೆಗಿಂತ ಮೊದಲು ಅವರ ಜಗಲಿಗೇ ಬರುತ್ತಿತ್ತು. ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಸುತ್ತುವ ಮುದ್ದಣ್ಣನಿಗೆ ಅದರಿಂದ ಎಲ್ಲಿಲ್ಲದ ಜಂಬ. ಆವತ್ತು ಮಾತ್ರ ಆ ಹೆಂಗಸಿನ ಮುಖ ನೋಡಿ ಅವನ ಜಂಬವೆಲ್ಲ ಇಳಿದುಹೋಯಿತು.

ಲೂರ್ದಮ್ಮನ ಗಂಡ ಇನ್ನಾಸಪ್ಪ ಗಾರೆ ಕೆಲಸದವನು. ಹೊಸದುರ್ಗದಲ್ಲಿ ವಾರದ ಕೆಲಸವಿದೆಯೆಂದು ಹೊರಟವನು ತಿಂಗಳಾದರೂ ಬಂದಿರಲಿಲ್ಲ. ರಾಮಗಿರಿಯವರೆಗೆ ಟ್ರ್ಯಾಕ್ಟರಿನಲ್ಲಿ ಬಿಟ್ಟು ಬಂದೆ, ಅಲ್ಲಿಂದ ಬಸ್ಸು ಹತ್ತಿದ ಎನ್ನುತ್ತಿದ್ದ ತಮ್ಮ ಚೌರಪ್ಪ. ಕೆಲಸಕ್ಕೆ ಬರಲೇ ಇಲ್ಲ ಎನ್ನುತ್ತಿದ್ದ ಮೇಸ್ತ್ರಿ ತಿಪ್ಪೇಶ್. ಹಿಂದೊಮ್ಮೆ ತಿಪ್ಪೇಶನೂ ಇನ್ನಾಸಪ್ಪನೂ ಕೈ ಕೈ ಮಿಲಾಯಿಸಿದ್ದರು. ಊರಿಗೆ ಅಷ್ಟು ಸಾಕಲ್ಲ, ಎಲ್ಲರೂ ತಿಪ್ಪೇಶನ ಮೇಲೇ ಬೆರಳು ತೋರಿಸುತ್ತಿದ್ದರು.

ಸಂಜೆ ಚಂದ್ರಕ್ಕ ಮುದ್ದಣ್ಣನೊಂದಿಗೆ ಲೂರ್ದಮ್ಮನ ಮನೆಗೆ ಹೋದರು. ಇನ್ನಾಸಪ್ಪ ಮರಳಿ ಬರಲೆಂದು ಅಲ್ಲಿ ಜಪಸರ, ಅಂದರೆ ಕ್ರೈಸ್ತರ ಮಣಿಮಾಲೆಯ ಪ್ರಾರ್ಥನೆ, ನಡೆದಿತ್ತು. ಮಣಿಗಳ ಒಂದೊಂದು ಸುತ್ತು ಮುಗಿದಾಗಲೂ ಚೌರಪ್ಪ ಕಣ್ಣು ಮುಚ್ಚಿ, "ರೆಕ್ವಿಯೆಮ್ ಎತೆರ್ನಾಮ್" ಎಂದು ಶುರುಮಾಡಿ ಏನೋ ಗುನುಗುತ್ತಿದ್ದ. ಲೂರ್ದಮ್ಮ "ಆಮೆನ್" ಎನ್ನುತ್ತಿದ್ದಳು. ಆಮೇಲೆ ಅವಳು ಗಂಡನಿಗೂ ಒಂದು ತಟ್ಟೆ ಇಟ್ಟು ಮುದ್ದೆ ಬಡಿಸಿದಳು. ಚೌರಪ್ಪ ಉಣ್ಣದೆ ಎದ್ದು ಹೋದ.

"ಅದ್ಯಾವ ಭಾಷೆನಮ್ಮ?" ಎಂದರು ಚಂದ್ರಕ್ಕ.

"ಲ್ಯಾಟಿನ್ ಅಂತೆ. ಅವರ ತಾತ ಹಳೇ ಫಾದರ್ ಹತ್ರ ಕಲ್ತು ಮೊಮ್ಮಕ್ಕಳಿಗೆ ಹೇಳ್ಕೊಟ್ಟಿದ್ದು. ಸೊಸೆಯಾಗಿ ಬಂದ ನನಗೇನು ತಿಳೀತೈತೆ? ಮುಂಚೆ ನಮ್ಮ ಯಜಮಾನ್ರೇ ಜಪ ನಡೆಸೋರು, ಗ್ಲೋರಿಯಾ ಅಂತ ಶುರು ಮಾಡೋರು. ಅವರು ಹೊರಟ ಸಂಜೆಯಿಂದ ಮೈದುನ ನಡೆಸ್ತಾನೆ, ಇದನ್ನ ಹೇಳ್ತಾನೆ."

"ಹೊರಟ ಸಂಜೆಯಿಂದ್ಲೇ?"

"ಹೂಂ, ಆ ಸಂಜೆಯಿಂದ್ಲೇ."

ಮರುದಿನ ಚಂದ್ರಕ್ಕ ಚಿತ್ರದುರ್ಗದ ಫಾದರ್ ಒಬ್ಬರನ್ನು ಕಂಡು ಬಂದರು. ಹೊರಗೇ ಕಾದಿದ್ದ ಮುದ್ದಣ್ಣ ವಾಪಸು ಬರುವ ಬಸ್ಸಿನಲ್ಲಿ ಎಷ್ಟು ಪೀಡಿಸಿದರೂ ಅವರು ಬಾಯಿ ಬಿಡಲಿಲ್ಲ.

"ಲೇ, ಸುಮ್ನಿರು. ಇದು ಗೆದ್ದು ಕುಣಿಯೋ ಸಂಗತಿ ಅಲ್ಲ" ಎಂದರು.

ಭಾನುವಾರ ಲೂರ್ದಮ್ಮನ ಮನೆಯಲ್ಲಿ ಎಲ್ಲರೂ ಸೇರಿದರು. ಚಿತ್ರದುರ್ಗದ ಫಾದರ್ ಕೂಡ ಬಂದಿದ್ದರು. ತಿಪ್ಪೇಶ್ ಮುಖ ಗಂಟು ಹಾಕಿಕೊಂಡು ಹೊಸ್ತಿಲ ಹತ್ತಿರ ಕೂತ.

"ರೆಕ್ವಿಯೆಮ್ ಅಂದ್ರೆ ಏನು, ನೀವೇ ಹೇಳ್ರಿ ಫಾದರ್" ಎಂದರು ಚಂದ್ರಕ್ಕ.

"ವಿಶ್ರಾಂತಿ" ಎಂದರು ಫಾದರ್. "ಲ್ಯಾಟಿನ್ ಪ್ರಾರ್ಥನೆಗಳಿಗೆ ಅವು ಶುರುವಾಗುವ ಮಾತೇ ಹೆಸರಾಗುವುದು ವಾಡಿಕೆ. ‘ನಿತ್ಯ ವಿಶ್ರಾಂತಿಯನ್ನು ದಯಪಾಲಿಸು, ಪ್ರಭುವೇ’ ಅನ್ನುವುದರ ಮೊದಲ ಮಾತು ಅದು. ತೀರಿಕೊಂಡವರಿಗಾಗಿ ಜಪಸರ ಹೇಳುವಾಗ ದೇವರ ಮಹಿಮೆ ಹೊಗಳುವ ಗ್ಲೋರಿಯಾ ಬಿಟ್ಟು ಇದನ್ನು ಹೇಳುವುದು ಹಿಂದಿನಿಂದ ಬಂದ ರೂಢಿ."

ಮುದ್ದಣ್ಣ ತಟ್ಟನೆ ಚೌರಪ್ಪನ ಕಡೆ ತಿರುಗಿದ.

"ಆ ಸಂಜೆ ಊರಿಗೂರೇ ಇನ್ನಾಸಪ್ಪ ಕೆಲಸಕ್ಕೆ ಹೋಗವ್ನೆ ಅಂತಿತ್ತು. ಯಾರೂ ಹುಡುಕಿರಲಿಲ್ಲ" ಎಂದರು ಚಂದ್ರಕ್ಕ. "ಆಗಲೇ ಇವನ ಬಾಯಾಗೆ ಸತ್ತೋರ ಪ್ರಾರ್ಥನೆ. ತಿಪ್ಪೇಶ ಏನಾದ್ರೂ ಮಾಡಿದ್ರೆ ಇವನಿಗೆ ಆವತ್ತೇ ಹೆಂಗೆ ತಿಳೀಬೇಕು? ಅಣ್ಣನ ತಟ್ಟೆ ಎದುರಿಗಿದ್ರೆ ಇವನಿಗೆ ತುತ್ತು ಇಳಿಯಲ್ಲ. ಅಣ್ಣ ಬಸ್ಸು ಹತ್ತಲೇ ಇಲ್ಲ, ಅಲ್ವೇನಪ್ಪ ಚೌರಪ್ಪ?"

ಚೌರಪ್ಪ ಲೂರ್ದಮ್ಮನ ಕಾಲು ಹಿಡಿದ.

"ಕುಡಿದಿದ್ದೆ ಅತ್ತಿಗೆ. ರಾಮಗಿರಿ ಇಳಿಜಾರಾಗೆ ಟ್ರ್ಯಾಕ್ಟರ್ ಎಳೀತು, ಮಗ್ಗುಲಾಗೆ ಕುಂತಿದ್ದ ಅಣ್ಣ ಚಕ್ರದ ಕೆಳಗೆ ಬಿದ್ದ. ಜೈಲಿಗೆ ಹಾಕ್ತಾರಂತ ಹೆದರಿ ಹಳ್ಳದ ದಂಡೇಲಿ ಹೂತುಬಿಟ್ಟೆ. ಶಿಲುಬೆ ಇಲ್ಲ, ಫಾದರ್ ಇಲ್ಲ. ಪ್ರಾರ್ಥನೆನಾದ್ರೂ ಇರ್ಲಿ, ನಿನಗೆ ತಿಳಿಯಲ್ಲ ಅಂತ..."

ಗಟ್ಟಿಯಾಗಿ ಬೈಯಲೆಂದೇ ಬಂದಿದ್ದ ತಿಪ್ಪೇಶ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ದಿನಾ ಸಂಜೆ ನಾನೂ ಆಮೆನ್ ಅಂದ್ನಲ್ಲ" ಎಂದಳು ಲೂರ್ದಮ್ಮ. ಮುದ್ದಣ್ಣನಿಗೆ ತಡೆಯಲಾಗಲಿಲ್ಲ, ಬಿಕ್ಕಿ ಅತ್ತುಬಿಟ್ಟ. ಅವಳ ಕಣ್ಣಲ್ಲಿ ಮಾತ್ರ ಹನಿ ನೀರಿರಲಿಲ್ಲ.

ಅವಳು ಎದ್ದು ಗಂಡನ ತಟ್ಟೆಯನ್ನು ತೊಳೆದು ಗೂಡಿನಲ್ಲಿ ಬೋರಲು ಹಾಕಿದಳು. ಆಮೇಲೆ ಬಂದು ಫಾದರ್ ಎದುರು ಮಂಡಿಯೂರಿದಳು.

"ಅದನ್ನ ಕನ್ನಡದಾಗೆ ಒಂದ್ಸಲ ಹೇಳ್ರಿ ಫಾದರ್. ಈ ಸಲ ತಿಳ್ಕಂಡು ಆಮೆನ್ ಅಂತೀನಿ."