ಸುಣ್ಣದಡಿಯ ನೆರೆಗೆರೆ

ಮಠದ ಗೋಡೆಯ ನೆರೆಗೆರೆಗಳನ್ನು ಸುಣ್ಣ ಬಳಿದು ಮುಚ್ಚುವಾಗ, ಊರವರೇ, ನೀವೆಲ್ಲ ಎಲ್ಲಿದ್ದಿರಿ? ಹೊಳೆ ಉಕ್ಕಿ ಏರಿದಾಗಲೆಲ್ಲ ಸನ್ಯಾಸಿಗಳು ಕಲ್ಲಿನಲ್ಲಿ ಕೊರೆದಿಟ್ಟ ಗುರುತುಗಳವು. ಅವುಗಳನ್ನು ನಂಬಿ, ಅವುಗಳಿಗಿಂತ ಎತ್ತರದಲ್ಲಿಯೇ ನಮ್ಮ ಊರು ಹುಟ್ಟಿತು. ಅಜ್ಜ ನನ್ನನ್ನು ಹೆಗಲೇರಿಸಿಕೊಂಡು ಎಲ್ಲಕ್ಕಿಂತ ಮೇಲಿನ ಗೆರೆಯನ್ನು ಮುಟ್ಟಿಸುತ್ತಿದ್ದರು. “ನೆನಪಿಟ್ಕೋ ಮಗು, ನಮ್ಮನೆ ಇದಕ್ಕಿಂತ ಮೇಲಿದೆ” ಎನ್ನುತ್ತಿದ್ದರು.

ಈಗ ಹೊಳೆಯಂಚಿನ ಬಯಲಿನಲ್ಲಿ ಹೊಸ ಮನೆಗಳು ಏಳುತ್ತಿವೆ. ಗೆರೆ ಕಂಡರೆ ಕೊಳ್ಳುವವರು ಬೆದರುತ್ತಾರೆಂದೇ ಈ ಸುಣ್ಣ. ಮೊನ್ನೆ ಉರಿಬಿಸಿಲಿನ ಮಧ್ಯಾಹ್ನ ಮಠಕ್ಕೆ ಹೋದಾಗ ಸುಣ್ಣ ಬಳಿಯುವವನು ತಲೆ ಕೆರೆದುಕೊಳ್ಳುತ್ತಿದ್ದ. ಅವನು ನನ್ನ ಹಳೆಯ ಶಿಷ್ಯ.

“ಮೂರು ಸಲ ಬಳಿದೆ ಮೇಷ್ಟ್ರೇ, ಒಣಗ್ತಾನೇ ಇಲ್ಲ.”

“ನೀರು ಜಾಸ್ತಿ ಬೆರೆಸಿರ್ತೀಯ.”

“ಶಾಲೇಲೂ ತಪ್ಪೆಲ್ಲ ನಂದೇ, ಇಲ್ಲೂ ನಂದೇನಾ? ನೀವೇ ಮುಟ್ಟಿ ನೋಡಿ.”

ಮುಟ್ಟಿದೆ. ಬಿಸಿಲಿಗೆ ಎದುರಾಗಿದ್ದ ಆ ಗೋಡೆ ಆಳಬಾವಿಯ ನೀರಿನಂತೆ ತಣ್ಣಗಿತ್ತು. ಹಸಿ ಕೆಸರಿನ ವಾಸನೆ ಬಂತು. ಹೊಳೆಯೋ ನೂರು ಹೆಜ್ಜೆ ಕೆಳಗೆ ಸೊರಗಿ ಹರಿಯುತ್ತಿತ್ತು. ಸುಣ್ಣದಡಿಯಲ್ಲಿ ಅಜ್ಜನ ಗೆರೆ ಬೆರಳಿಗೆ ಸಿಕ್ಕಿತು. ತೇವ ಮಾತ್ರ ಅದಕ್ಕಿಂತ ಒಂದು ಗೇಣು ಮೇಲೆ, ನೂಲು ಹಿಡಿದಂತೆ ನೇರವಾಗಿ ನಿಂತಿತ್ತು.

ಕೆಳಗೆ ಮನೆ ಕೊಳ್ಳುತ್ತಿರುವವರು ನಿಮ್ಮವರೇ. ದಯವಿಟ್ಟು ಅವರನ್ನು ಒಮ್ಮೆ ಕರೆತಂದು ಆ ಗೋಡೆಯನ್ನು ಮುಟ್ಟಿಸಿ.